ಲಿವರಿನೊಳಗಿನ ಕಾವಲಿನವರು

ನಮ್ಮ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ರೋಗಿಗಿಂತ ಮೊದಲು ಉಳಿದವರ ಬುದ್ಧಿ ಕೆಡುತ್ತದೆ. ನಾನು ಬಿಜಾಪುರದವಳು. ಅಲ್ಲಿ ಹೋಟೆಲ್ ಇಟ್ಟಿದ್ದವರನ್ನು ಮದುವೆಯಾಗಿ ಕುಂದಾಪುರದ ಹತ್ತಿರದ ತಲ್ಲೂರಿಗೆ ಬಂದ ಮೇಲೆ ನನ್ನದೂ ಕೆಟ್ಟಿದೆ.

೧. ನೆಲೆ ನಿಂತವರು

ನಮ್ಮವರ ಕಣ್ಣು ಹಳದಿಯಾಗಿ ತಿಂಗಳಾದರೂ ಇಳಿಯಲಿಲ್ಲ. ಕುಂದಾಪುರದ ಡಾಕ್ಟರು, "ಲಿವರಿನ ಚೂರು ತೆಗೆದು ನೋಡಬೇಕು" ಎಂದರು. ಚೂರು ಎಂದರೆ ಎಷ್ಟು ಎಂದು ನಾನು ಮೂರು ಸಲ ಕೇಳಿದೆ. ಧೈರ್ಯ ಹೇಳಲು ಅವರು ವಿವರಿಸಿದರು: "ಲಿವರಿನಲ್ಲಿ ಕೊಲ್ಲುವ ಕಣಗಳಿರುತ್ತವಮ್ಮ. ರೋಗ ತಗುಲಿದ ಜೀವಕೋಶವನ್ನು ಕೊಂದುಹಾಕುತ್ತವೆ. ಕೆಲವು ರಕ್ತದಲ್ಲಿ ಸುತ್ತುತ್ತವೆ. ಇನ್ನು ಕೆಲವು ಎಲ್ಲಿಂದಲೋ ಬಂದು ಅಲ್ಲೇ ನೆಲೆ ನಿಲ್ಲುತ್ತವೆ, ಮತ್ತೆ ಕದಲುವುದಿಲ್ಲ."

"ತಪ್ಪಿ ಒಳ್ಳೆಯದನ್ನೂ ಕೊಂದರೆ?" ಎಂದೆ.

"ಒಮ್ಮೊಮ್ಮೆ ಅದೂ ಆಗುತ್ತದೆ."

ಮಲಗಿದ್ದಲ್ಲಿಂದಲೇ ನಮ್ಮವರು ನನ್ನ ಕಡೆ ಕೈ ತೋರಿಸಿ, "ಗೊತ್ತಾಯ್ತ್ ಡಾಕ್ಟ್ರೆ. ನಮ್ಮನೇಲೂ ಒಂದ್ ಇತ್ತ್, ಬಿಜಾಪುರದ್ದ್" ಎಂದರು.

೨. ಹರಕೆ

ಎಂಬತ್ತೈದರ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ತಲೆಯಾಡಿಸಿದರು. "ಜಾಗ ಬಿಟ್ಟ್ ಹೋತಿಲ್ಲ, ಕಾವಲ್ ಕಾಯ್ತ್, ಸಿಟ್ಟ್ ಬಂದ್ರೆ ಮನೆಯವ್ರಿಗೇ ಹೊಡಿತ್. ಇದ್ ಹಾಯ್ಗುಳಿ ಅಲ್ದೆ ಮತ್ತೆಂತ ಹೆಣೆ?" ಹೆಣೆ ಎಂದರೆ ಹುಡುಗಿ, ಅಂದರೆ ನಾನು. ಹಾಯ್ಗುಳಿ ನಮ್ಮ ಹಿತ್ತಿಲ ಮೂಲೆಯ ಕಲ್ಲಿನಲ್ಲಿರುವ ದೈವ. ಮಗ ಉಳಿದರೆ ಒಂದು ಹುಂಜ ಎಂದು ಅಲ್ಲೇ ಹೇಳಿಕೊಂಡರು.

ಚೂರು ತೆಗೆದ ದಿನ ಆಸ್ಪತ್ರೆಗೂ ಬಂದರು. "ಹ್ವಾಯ್ ಡಾಕ್ಟ್ರೆ, ಆ ತುಂಡ್ ಎಲ್ಲಿತ್ತ್?"

"ಪರೀಕ್ಷೆಗೆ ಮಂಗಳೂರಿಗೆ ಹೋಯಿತು ಅಜ್ಜಿ."

"ಜಾಗ ಬಿಟ್ಟ್ ಕದಲುದಿಲ್ಲ ಅಂದದ್ದ್ ನೀವೇ. ಈಗ ಮಂಗ್ಳೂರ್ ಬಸ್ಸಿಗೆ ಹತ್ಸಿದ್ದೂ ನೀವೇ!"

೩. ಹುಂಜ

ಆ ವಾರ ಫೋನ್ ಬಡಿದಾಗಲೆಲ್ಲ ಒಲೆಯ ಮೇಲಿದ್ದದ್ದನ್ನು ಬಿಟ್ಟು ಓಡಿದೆ. ಕೊನೆಗೆ ವರದಿ ಬಂತು. ಡಾಕ್ಟರು ಎರಡು ಸಲ ಓದಿ, "ಹೆದರುವಂಥದ್ದಿಲ್ಲ, ಇಳಿಯುತ್ತಿದೆ. ಪಥ್ಯ ಬಿಡಬಾರದು" ಎಂದರು. ನಾನು ಪಥ್ಯದ ಪಟ್ಟಿ ಬರೆಸಿಕೊಂಡೆ.

ಮರುವಾರ ಹರಕೆ ಒಪ್ಪಿಸಿ ಸಾರು ಮಾಡಿದೆವು. ನಮ್ಮವರಿಗೆ ಗಂಜಿ. ಹಲ್ಲು ಬಿದ್ದ ಮೇಲೆ ಕೋಳಿಯ ಲಿವರ್ ಯಾವತ್ತೂ ಅತ್ತೆಗೇ. ಅವರ ಎಲೆಗೆ ಬಡಿಸಿದೆ. ಅವರು ಅದನ್ನು ಬೆರಳಲ್ಲಿ ಹಿಡಿದು ನೋಡುತ್ತಲೇ ಕೂತರು. ಹರಕೆಯಲ್ಲಿ ಏನಾದರೂ ತಪ್ಪಾಯಿತೇ ಎಂದು ನನಗೆ ಮತ್ತೆ ದಿಗಿಲು.

"ಇದ್ರೊಳ್ಗೂ ಆ ಕಾವಲಿನವ್ರ್ ಇಪ್ಪುದಾ ಹೆಣೆ?"

"ಇರಬೇಕು ಅತ್ತೆ" ಎಂದೆ, ಹೆದರುತ್ತಲೇ.

ಅವರು ಹುಂಜದ ಖಾಲಿ ಗೂಡಿನ ಕಡೆ ಒಮ್ಮೆ ನೋಡಿದರು.

"ಇವ್ರಿಗೆ ಒಂದ್ ಹುಂಜ ಉಳ್ಸುಕ್ ಆಯಿಲ್ಲ. ಇಂಥವ್ರಿಗೆ ನಾನೆಂತಕೆ ಹೆದ್ರುದ್?" ಎಂದು ಬಾಯಿಗೆ ಹಾಕಿಕೊಂಡರು.