ಕಟ್ಟಿಗೆ ಇಲ್ಲದ ಜೀನು

ಕುದುರೆಯ ಸುಖದುಃಖ ವಿಚಾರಿಸಲು ಆ ದಿನ ಬಸವಕಲ್ಯಾಣದ ನಮ್ಮ ಅಂಗಳದಲ್ಲಿ ನಾಲ್ಕು ಜನ ಸೇರಿದ್ದೆವು. ಹುಮನಾಬಾದಿನಿಂದ ಬಂದ ನನ್ನ ಅಕ್ಕನ ಗಂಡ ಶರಣಪ್ಪ ಭಾವ, ಕೈಯಲ್ಲಿ ಮೊರ ಹಿಡಿದುಕೊಂಡೇ ಬಂದು ನಿಂತ ನನ್ನ ಹೆಂಡತಿ ಸುಮಿತ್ರಾ, ತೊಂಬತ್ತರ ಹತ್ತಿರ ಬಂದಿರುವ ಸೋದರತ್ತೆ ಗೌರವ್ವ, ಮತ್ತು ನಾನು. ಐದನೆಯವಳು ಚಂದ್ರಿ, ಅಂದರೆ ಕುದುರೆ. ಅವಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಸಭೆ ಕರೆದದ್ದೇ ಅವಳ ಹಿತಕ್ಕಾಗಿ, ಇನ್ನು ಅವಳನ್ನು ಕೇಳುವುದೇನು? ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನನಗೆ ಹಿತದ ಸಭೆಗಳು ಹೀಗೆಯೇ ನಡೆಯುತ್ತವೆಂದು ಚೆನ್ನಾಗಿ ಗೊತ್ತು.

ನಿವೃತ್ತಿಯಾದ ಮೇಲೆ ಕೆಲವರು ಮನೆ ಕಟ್ಟಿಸುತ್ತಾರೆ, ಕೆಲವರು ಆತ್ಮಕಥೆ ಬರೆದು ಊರಿಗೆಲ್ಲ ಹಂಚುತ್ತಾರೆ. ನಾನು ಕುದುರೆ ತಂದೆ. ಅದಕ್ಕೆ ಕಾರಣ ನಮ್ಮ ಡಾಕ್ಟರು. ರಕ್ತದಲ್ಲಿ ಸಕ್ಕರೆ ಏರಿದೆ, ದಿನಾ ಬೆಳಗ್ಗೆ ಕೆರೆಯವರೆಗೆ ನಡೆದು ಬನ್ನಿ ಎಂದರು. ನಡೆಯಬೇಕು ಎಂದರೇ ಹೊರತು ಯಾರ ಕಾಲಿನಿಂದ ಎಂದು ಬಿಡಿಸಿ ಹೇಳಲಿಲ್ಲ. ಆದೇಶ ಅಸ್ಪಷ್ಟವಾಗಿದ್ದಾಗ ತನಗೆ ಅನುಕೂಲವಾದ ಅರ್ಥ ಹಚ್ಚಿಕೊಳ್ಳುವುದು ಗುಮಾಸ್ತನ ಧರ್ಮ. ಅದೇ ಹೊತ್ತಿಗೆ ಭಾವನ ಕುದುರೆಗೆ ಕೆಲಸ ಹೋಗಿತ್ತು. ಹನ್ನೆರಡು ವರ್ಷ ಹುಮನಾಬಾದಿನ ಮದುಮಕ್ಕಳನ್ನು ಹೊತ್ತು ಹನುಮಪ್ಪನ ಗುಡಿಗೆ ಮೆರವಣಿಗೆ ಹೋದ ಕುದುರೆ ಅದು. ಈಗಿನ ಮದುಮಕ್ಕಳಿಗೆ ಛಾವಣಿ ತೆರೆದ ಕಾರೇ ಬೇಕು. ಕಾರು ಲದ್ದಿ ಹಾಕುವುದಿಲ್ಲ, ಡಿಜೆ ಸಪ್ಪಳಕ್ಕೆ ಬೆದರುವುದಿಲ್ಲ, ಅಳಿಯನಿಗಿಂತ ಚೆಂದ ಕಂಡು ಫೋಟೋ ಕೆಡಿಸುವುದಿಲ್ಲ. ಹೀಗಾಗಿ ಚಂದ್ರಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಬಂದ ಒಂದು ಟೆಂಪೋದಲ್ಲಿ ನಮ್ಮ ಮನೆಗೆ ಇಳಿದಳು. ಇಳಿಸುವಾಗಲೇ ಭಾವ ಹೇಳಿದ್ದ: "ನೋಡ ಚನ್ನಬಸಪ್ಪ, ಇಕಿ ನನಗ ಮಗಳಿದ್ದಂಗ. ಇಕಿ ಬೆನ್ನಿಗೆ ಏನರ ಆತಂದ್ರ ಇದೇ ಟೆಂಪೋ ತಂದು ವಾಪಸ್ ಒಯ್ತೀನಿ. ನಿಮ್ಮಕ್ಕ ಅತ್ತರೂ ಕೇಳಂಗಿಲ್ಲ."

ಇಪ್ಪತ್ತು ದಿನ ನಾನು ಚಂದ್ರಿಯ ಮೇಲೆ ಕೂತು ದೊರೆಯಂತೆ ತ್ರಿಪುರಾಂತದ ಕೆರೆಗೆ ಹೋಗಿ ಬಂದೆ. ಇಪ್ಪತ್ತೊಂದನೆಯ ದಿನ ಅವಳ ಬೆನ್ನಿನ ಎಡಕ್ಕೆ ಅಂಗೈಯಗಲ ಹುಣ್ಣು ಕಂಡಿತು. ಪಶುವೈದ್ಯರು ಬಂದು ಮುಲಾಮು ಹಚ್ಚಿದರು. ಅವಳ ಜೊತೆ ಬಂದಿದ್ದ ಹಳೆಯ ಮದುವೆ ಜೀನನ್ನು ತಿರುವಿ ನೋಡಿದರು. ಮೇಲೆ ಮಖಮಲ್ಲು, ಜರಿ, ಕನ್ನಡಿಯ ಚೂರು. ಒಳಗೆ ಕಲ್ಲಿನಂಥ ಕಟ್ಟಿಗೆಯ ಚೌಕಟ್ಟು. ಮದುಮಗನೆಂಬವನು ಜನ್ಮದಲ್ಲಿ ಒಂದು ತಾಸು ಕೂಡುವ ಆಸನ ಅದು, ದಿನಾ ಕೂಡುವವರಿಗಲ್ಲ. "ಕಟ್ಟಿಗಿ ಇಲ್ಲದ ಜೀನ್ ಮಾಡಸ್ರಿ. ಇನ್ನೊಮ್ಮೆ ಇಲ್ಲೇ ಒತ್ತಿತಂದ್ರ ಈ ಬೆನ್ನು ಮತ್ತ ಕೆಲಸಕ್ಕ ಬರಂಗಿಲ್ಲ," ಎಂದು ಹೇಳಿ ಹೋದರು. ಸುದ್ದಿ ಹುಮನಾಬಾದಿಗೆ ಹೇಗೆ ಮುಟ್ಟಿತೋ ಕಾಣೆ. ನಮ್ಮಕ್ಕನಿಗೆ ಫೋನು ಮಾಡುವವರು ನಮ್ಮ ಮನೆಯಲ್ಲಿ ಒಬ್ಬರೇ ಇದ್ದಾರೆ, ಹೆಸರು ಹೇಳಿ ಮನೆ ಕೆಡಿಸಿಕೊಳ್ಳಲಾರೆ. ಮರುದಿನ ಭಾವ ಟೆಂಪೋ ಸಮೇತ ಅಂಗಳದಲ್ಲಿದ್ದ. ಅದೇ ನಾನು ಮೊದಲು ಹೇಳಿದ ಸಭೆ.

ಕಚೇರಿಯಲ್ಲಿದ್ದಾಗ ನನ್ನ ಚಪ್ಪಲಿ ಸಪ್ಪಳಕ್ಕೆ ಬೆಂಚಿನ ಮೇಲಿನ ಜನವೆಲ್ಲ ಎದ್ದು ನಿಲ್ಲುತ್ತಿದ್ದರು. ನಿವೃತ್ತನಾದ ಮೇಲೆ ಆ ಸಪ್ಪಳಕ್ಕೆ ಕಿವಿ ನಿಮಿರಿಸುವ ಜೀವ ಎಂದರೆ ಚಂದ್ರಿ ಒಬ್ಬಳೇ. ಅವಳೂ ಹೋದರೆ? ನಾನು ಗಡಬಡಿಸಿ ಫೋನು ತೆಗೆದು ರಾತ್ರಿಯಿಡೀ ಹುಡುಕಿಟ್ಟಿದ್ದ ಚಿತ್ರ ತೋರಿಸಿದೆ. "ಭಾವ, ವಿದೇಶದಾಗ ಹೊಸಾದು ಬಂದದ. ಟ್ರೀಲೆಸ್ ಸ್ಯಾಡಲ್ ಅಂತ. ಒಳಗ ಕಟ್ಟಿಗೀನೇ ಇರಂಗಿಲ್ಲ. ಕುದುರೀಗ ಭಾಳ ಆರಾಮ ಅಂತ."

ಗೌರವ್ವತ್ತೆ ಫೋನನ್ನು ಇಸಿದುಕೊಂಡು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಳು. "ಏ ಚನ್ನ್ಯಾ, ಇದಕ್ಕ ನಾವು ಖೋಗೀರ ಅಂತಿದ್ವಿ! ನಿಮ್ಮ ಮುತ್ಯಾ, ಅಂದ್ರ ನಮ್ಮಪ್ಪ, ಇದರ ಮ್ಯಾಲೇ ಕೂತು ಗೋರ್ಟಾಕ ಹೆಣ್ಣ ನೋಡಾಕ ಹೋಗಿದ್ದ. ಒಳಗ ಉಣ್ಣಿ, ಹತ್ತಿ, ಮ್ಯಾಲ ತೊಗಲು. ಕಟ್ಟಿಗಿ ಒಲಿಗೆ ಬೇಕಪಾ, ಕುದುರಿ ಬೆನ್ನಿಗೆ ಯಾಕ?" ಎಂದವಳೇ ತಾನು ಕೂತಿದ್ದ ಮೆತ್ತೆಯಿಂದ ಎದ್ದಳು. ನಲವತ್ತು ವರ್ಷದಿಂದ ಅವಳು ಅದರ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ನಡುವೆ ಸವೆದು, ಅಂಚಿಗೆ ಇಲಿ ಕಡಿದು, ಗುರುತೇ ಸಿಗದಂತಾಗಿದ್ದ ಅದೇ ಮುತ್ಯಾನ ಖೋಗೀರ. ವಿದೇಶದ ಹೊಸ ಸಂಶೋಧನೆ ನಮ್ಮ ಅತ್ತೆಯ ಕೆಳಗೇ ಇತ್ತು.

"ಇಂಥಾದೇ ಇನ್ನೊಂದು ಮಾಡಾವ್ರು ಈ ಊರಾಗ ಒಬ್ಬರೇ ಉಳದಾರ, ಖಾಸೀಂ ಚಾಚಾ," ಎಂದಳು ಸುಮಿತ್ರಾ. ಆಮೇಲೆ ಮೊರದ ಕಡೆ ನೋಡುತ್ತ, "ಅವರ ಹಂತೇಕ ಹೋಗಾಕ ಇವರಿಗೆ ಮುಖ ಇದ್ರ," ಎಂದು ಸೇರಿಸಿದಳು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಖಾಸೀಂ ಚಾಚಾ ತಮ್ಮ ಅಂಗಡಿಯ ಜಾಗದ ಒಂದು ಕಾಗದಕ್ಕಾಗಿ ನನ್ನ ಮೇಜಿಗೆ ಎಷ್ಟು ಸಲ ಬಂದರೋ ನಾನು ಎಣಿಸಿಲ್ಲ. ಪ್ರತಿ ಸಲವೂ ನನ್ನ ಬಾಯಿಂದ ಬಂದದ್ದು ಒಂದೇ ಮಾತು: ನಾಳೆ ಬರ್ರಿ. ಆ ಮಾತನ್ನು ನಾನು ಒಂದು ಕಲೆಯ ಮಟ್ಟಕ್ಕೆ ಏರಿಸಿದ್ದೆ. ಮರುದಿನ ಎರಡನೆಯ ಶನಿವಾರ ಎಂದು ಗೊತ್ತಿದ್ದಾಗಂತೂ ಇನ್ನೂ ಮೃದುವಾಗಿ, ನಗುನಗುತ್ತ ಹೇಳುತ್ತಿದ್ದೆ. ಹೊಸ ಜೀನು ಮಾಡಿಸಲು ಭಾವ ಒಂದು ತಿಂಗಳ ಗಡುವು ಕೊಟ್ಟು ಖಾಲಿ ಟೆಂಪೋ ಹತ್ತಿದ. ನಾನು ಖೋಗೀರವನ್ನು ಬಗಲಲ್ಲಿ ಇಟ್ಟುಕೊಂಡು, ಚಂದ್ರಿಯ ಹಗ್ಗ ಹಿಡಿದು, ಕೋಟೆಯ ಕಡೆಗಿರುವ ಚಾಚಾನ ಅಂಗಡಿಗೆ ನಡೆದೆ.

ಚಾಚಾ ಭಯವಾಗುವಷ್ಟು ಮರ್ಯಾದೆ ತೋರಿಸಿದರು. ಚಹಾ ತರಿಸಿದರು. ಕಣ್ಣು ಮುಚ್ಚಿ ಚಂದ್ರಿಯ ಬೆನ್ನ ಮೇಲೆ ಕೈಯಾಡಿಸಿದರು. ಆಮೇಲೆ ಹೇಳಿದರು: "ಆಗ್ತದ ಸಾಹೇಬ್ರ. ನಾಳೆ ಬರ್ರಿ."

ಮರುದಿನ ಹೋದೆ. ಉಣ್ಣೆ ಹಿಂಜಬೇಕಿತ್ತಂತೆ. ಅದರ ಮರುದಿನ ತೊಗಲು ನೆನೆಯಬೇಕಿತ್ತು. ಆಮೇಲೆ ಅಳತೆ ತಪ್ಪಿತ್ತು, ಆಮೇಲೆ ದಾರ ಮುಗಿದಿತ್ತು, ಆಮೇಲೆ ಕನ್ನಡಕ ಒಡೆದಿತ್ತು. ಗುರುವಾರ ಮಾತ್ರ, ಯಾಕೋ, ನಾಡಿದ್ದು ಬರ್ರಿ ಎನ್ನುತ್ತಿದ್ದರು. "ಹಂಗಾರ ಚಂದ್ರೀನ ಮನ್ಯಾಗ ಬಿಟ್ಟು ಬರ್ಲ್ಯಾ?" ಎಂದರೆ, "ಹೇ ಹೇ, ಕುದುರಿ ಬೇಕ್ರಿ. ಖಾಲಿ ಬೆನ್ನಲೇ ನಡಸ್ಕೋತ ತರ್ರಿ. ಬೆನ್ನು ದಿನಾ ಬದಲಾಗ್ತದ," ಎನ್ನುತ್ತಿದ್ದರು. ಹೋಗಿಬರಲು ಒಂದು ತಾಸು ಬೇಕು. ದಾರಿಯಲ್ಲಿ ಪಾನಂಗಡಿಯವನು, "ಏನ್ರಿ ಸಾಹೇಬ್ರ, ಕುದುರೀಗ ಶುಗರ್ ಬಂದದೇನ್ರಿ, ವಾಕಿಂಗ್ ಒಯ್ಯಾಕತ್ತೀರಿ?" ಎಂದು ದಿನಾ ಕೇಳುತ್ತಿದ್ದ. ನಾನು ಮನಸ್ಸಿನಲ್ಲೇ ಚಾಚಾನನ್ನು ಬೈಯುತ್ತಿದ್ದೆ. ಎಂಥ ದೀರ್ಘದ್ವೇಷಿ! ಬಡಪಾಯಿ ಗುಮಾಸ್ತನೊಬ್ಬ ಒಂದಿಷ್ಟು ಅಲೆಸಿದನೆಂದು ಹೀಗೆ ಸೇಡು ತೀರಿಸಿಕೊಳ್ಳುವುದೇ? ಮನುಷ್ಯನಿಗೆ ಕ್ಷಮಾಗುಣ ಇರಬೇಕು ಎಂದು, ಬೇರೆಯವರಲ್ಲಿ ಅದು ಕಡಿಮೆಯಾದಾಗ ನನಗೆ ಬಹಳ ಅನಿಸುತ್ತದೆ.

ಗಡುವಿಗೆ ಎರಡು ದಿನ ಉಳಿದಾಗ, ಒಂದು ಗುರುವಾರ, ಜೀನು ಸಿದ್ಧವಾಯಿತು. ಭಾವನೂ ಬಂದ, ಟೆಂಪೋವೂ ಬಂತು. ಜೀನು ಮುತ್ಯಾನ ಖೋಗೀರದ ಹಾಗೇ ಇತ್ತು, ಮೆತ್ತಗೆ, ಮೇಲೂ ಕೆಳಗೂ ಕರೀ ತೊಗಲು. ಚಾಚಾ ಸುಮಿತ್ರಾಳಿಂದ ತರಿಸಿದ್ದ ಜೋಳದ ಹಿಟ್ಟನ್ನು ಚಂದ್ರಿಯ ಬೆನ್ನಿಗೆ ತೆಳ್ಳಗೆ ಉದುರಿಸಿ, ಮೇಲೆ ಜೀನು ಬಿಗಿದರು. "ಎಲ್ಲಿ ಒತ್ತತದೋ ಅಲ್ಲಿ ಹಿಟ್ಟು ಹತ್ತತದ," ಎಂದರು. ಕಟ್ಟಿಗೆ ಇಲ್ಲದ ಜೀನನ್ನು ನೆಲದಿಂದ ಎಳೆದು ಹತ್ತಿದರೆ ಅದು ಸವಾರನ ಸಮೇತ ಹೊಟ್ಟೆಯ ಕೆಳಗೆ ಜಾರುತ್ತದಂತೆ. ಅದಕ್ಕೇ ಅಂಗಡಿಯ ಕಟ್ಟೆಯ ಮೇಲಿಂದ ಹತ್ತಿ ನೂರು ಹೆಜ್ಜೆ ಹೋಗಿ ಬಂದೆ. ಜೀನು ಬಿಚ್ಚಿ ತಿರುವಿದರು. ಬಲಗಡೆ ಬೆಳ್ಳಗೆ ಧೂಳಿನಷ್ಟು ಹಿಟ್ಟು. ಎಡಗಡೆ ರೊಟ್ಟಿ ತಟ್ಟುವಷ್ಟು.

"ನೋಡ್ರಿ ಭಾವ, ಜೀನೇ ಸೊಟ್ಟ, ವಾಕಡಾ ಮಾಡ್ಯಾರ!" ಎಂದು ನಾನು ಗುಡುಗಿದೆ.

ಚಾಚಾ ಹಿಟ್ಟು ಒರೆಸಿದರು, ಮತ್ತೆ ಉದುರಿಸಿದರು, ಈ ಸಲ ತಾವೇ ಹತ್ತಿ ಹೋಗಿ ಬಂದರು. ಹಿಟ್ಟು ಎರಡೂ ಕಡೆ ಸಮ.

"ಜೀನ್ ಸೀದಾ ಅದ್ರಿ. ಕುದುರಿ ಸೀದಾ ಅದ. ನೀವೇ ವಾಕಡಾ," ಎಂದರು ಸಮಾಧಾನದಿಂದ. "ಆಫೀಸಿನ್ಯಾಗೂ ಹಿಂಗೇ ಕೂಡತಿದ್ರಿ ಸಾಹೇಬ್ರ. ನಾವು ಬಲಕ್ಕ ಬಂದು ನಿಂತ್ರ ಎಡಕ್ಕ ವಾಲಿ ಕಪಾಟು ನೋಡತಿದ್ರಿ. ಅಷ್ಟು ವರ್ಷ ವಾಲಿದ ನಡು, ಈಗ ಹ್ಯಾಂಗ ನೆಟ್ಟಗಾಗಬೇಕು?"

ಭಾವ ಕಟ್ಟೆಯ ಮೇಲೆ ಕುಕ್ಕರಿಸಿ ಕೂತು ನಗತೊಡಗಿದ. ನಗು ಮುಗಿದ ಮೇಲೆ ಎದ್ದು ಚಂದ್ರಿಯ ಬೆನ್ನು ಮುಟ್ಟಿ ನೋಡಿದ. ಹುಣ್ಣಿದ್ದ ಜಾಗದಲ್ಲಿ ಹೊಸ ಕೂದಲು ಬಂದಿತ್ತು. "ಇದು ಯಾವಾಗ ಮಾಯ್ತು?" ಎಂದ.

"ದಿನಾ ಖಾಲಿ ಬೆನ್ನಲೇ ನಡದಾಳ, ಮಾಯ್ಲಿಕ್ಕೆ ಏನ್ರಿ," ಎಂದರು ಚಾಚಾ. "ಜೀನ್ ಹದಿನೈದು ದಿನದ ಹಿಂದೇ ಆಗಿತ್ರಿ. ಕೊಟ್ಟಿದ್ರ ಸಾಹೇಬ್ರು ಅವತ್ತೇ ಹುಣ್ಣಿನ ಮ್ಯಾಲೆ ಕೂಡತಿದ್ರು."

ನಾನು ಆ ತಿಂಗಳೆಲ್ಲ ಮನಸ್ಸಿನಲ್ಲಿ ಬೈದದ್ದನ್ನು ಚಂದ್ರಿಯ ಮುಂದೆ ಒಂದೆರಡು ಸಲ ಬಾಯಿ ಬಿಟ್ಟೂ ಬೈದಿದ್ದೆ. ಅವಳು ಯಾರಿಗೂ ಹೇಳುವವಳಲ್ಲ ಎಂಬುದೊಂದೇ ಆಗ ಸಮಾಧಾನ. ಟೆಂಪೋ ಈ ಸಲವೂ ಖಾಲಿ ಹೋಯಿತು. ಹೋಗುವ ಮೊದಲು ಭಾವ ಹೇಳಿದ: "ಕುದುರಿ ಇಲ್ಲೇ ಇರ್ಲಿ. ಆದ್ರ ಚಾಚಾ ಹ್ಞೂಂ ಅನ್ನೋತನಕ ನೀ ಹತ್ತಬ್ಯಾಡ."

ಜೀನು ಎತ್ತಿಕೊಳ್ಳಲು ಕೈ ಚಾಚಿದೆ. ಚಾಚಾ ಅದನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡು ಒಳಗೆ ಗೂಟಕ್ಕೆ ಹಾಕಿದರು. "ಜೀನ್ ತಯಾರ್ ಅದ ಸಾಹೇಬ್ರ. ನೀವು ಇನ್ನಾ ತಯಾರಾಗಿಲ್ಲ. ನೆಟ್ಟಗ ಕೂಡೋದು ಕಲಸ್ತೀನಿ," ಎಂದರು. ಆಮೇಲೆ ಬಹಳ ಮೃದುವಾಗಿ, ನಗುನಗುತ್ತ, "ನಾಳೆ ಬರ್ರಿ," ಎಂದರು.

ಮರುದಿನ ಬೆಳಗ್ಗೆ ಚಂದ್ರಿಯ ಹಗ್ಗ ಹಿಡಿದು ನಡೆದುಕೊಂಡೇ ಹೋದೆ. ಅಂಗಡಿಗೆ ಬೀಗ ಹಾಕಿತ್ತು. ಶುಕ್ರವಾರ.