ಮುನಿಯಪ್ಪನವರ ಸರಾಸರಿ

ಬರೆದಿಡುವ ಅಭ್ಯಾಸ ಒಳ್ಳೆಯದೆಂದು ಶಾಲೆಯಲ್ಲಿ ಹೇಳಿಕೊಟ್ಟ ಮೇಷ್ಟ್ರು, ಬರೆದಿಟ್ಟದ್ದನ್ನು ಆಗಾಗ ಓದಬೇಕೆಂದೂ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು. ನಾನು ಒಂಬತ್ತನೇ ತರಗತಿಯಿಂದ ಡೈರಿ ಬರೆಯುತ್ತಿದ್ದೇನೆ. ಬಂಗಾರಪೇಟೆ ಬಸ್ಸು ಎಷ್ಟು ನಿಮಿಷ ತಡ, ಕರೆಂಟು ಎಷ್ಟು ಸಲ ಹೋಯಿತು, ಅಮ್ಮ ಯಾವ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ಎಲ್ಲಕ್ಕೂ ಲೆಕ್ಕವಿದೆ. ಇದುವರೆಗೆ ನಾನು ನೋಡಿಬಂದ ಹೆಣ್ಣುಗಳು ನಾಲ್ಕು, ತಿಂದ ಕೇಸರಿಬಾತು ಐದು ತಟ್ಟೆ. ನಾಲ್ಕನೆಯ ಹುಡುಗಿ 'ನಿಮ್ಮ ಹವ್ಯಾಸ ಏನು' ಎಂದು ಕೇಳಿದಾಗ ಈ ಲೆಕ್ಕವನ್ನೇ ಓದಿ ಹೇಳಿದೆ. ಐದನೆಯ ತಟ್ಟೆ ಬಂದದ್ದು ಅದಕ್ಕೆ ಮೊದಲು.

ಇಂಥವನಿಗೆ ದೇವರು ತಕ್ಕ ಕೆಲಸವನ್ನೇ ಕೊಟ್ಟಿದ್ದಾನೆ. ಬೂದಿಕೋಟೆಯಿಂದ ಎರಡು ಮೈಲಿ ಆಚೆ ಇರುವ ನಮ್ಮೂರಿನ ಹಾಲಿನ ಡೇರಿಯಲ್ಲಿ ನಾನು ಟೆಸ್ಟರ್. ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡಿದು ಬರುವವರ ಹಾಲನ್ನು ಯಂತ್ರಕ್ಕೆ ಹಾಕಿ, ಫ್ಯಾಟು ಎಷ್ಟೆಂದು ಕೂಗಿ, ಪುಸ್ತಕದಲ್ಲಿ ಬರೆಯುವುದು. ನಮ್ಮೂರ ಗಂಡಸರ ಮರ್ಯಾದೆ ಆ ಅಂಕಿಯ ಮೇಲೆ ನಿಂತಿದೆ. ನಾಲ್ಕೂವರೆ ಬಂದವನು ಮೀಸೆ ಮುಟ್ಟಿಕೊಳ್ಳುತ್ತಾನೆ. ಮೂರು ಬಂದವನು ಯಂತ್ರವನ್ನು ಬೈಯುತ್ತಾನೆ, ಆಮೇಲೆ ಹಸುವನ್ನು, ಕೊನೆಗೆ ನನ್ನನ್ನು.

ಡೈರಿಯ ಹಿಂಬದಿಯಲ್ಲಿ ಇನ್ನೊಂದು ಪಟ್ಟಿ ಇದೆ. ನಾನು ಕೆಲಸಕ್ಕೆ ಸೇರಿದ ಮೇಲೆ ನಮ್ಮೂರಲ್ಲಿ ಅರವತ್ತೈದು ತುಂಬುವ ಮೊದಲೇ ತೀರಿಕೊಂಡ ಗಂಡಸರದು. ಪಕ್ಕದಲ್ಲಿ ಮನೆಯವರು ಹೇಳಿದ ಕಾರಣ. ಬೈಕು, ಇಬ್ಬರು. ಕಾಮಾಲೆ, ಮೂವರು, ಈ ಮೂವರನ್ನೂ ಸಂಜೆ ಎಲ್ಲಿಂದ ಎತ್ತಿಕೊಂಡು ಬರುತ್ತಿದ್ದರೆಂದು ಊರಿಗೇ ಗೊತ್ತು. ಗ್ಯಾಸು, ಏಳು ಜನ. ನಮ್ಮ ಕಡೆ ಎದೆನೋವು ಎಂಬ ಕಾಯಿಲೆ ಇಲ್ಲ. ಎದೆ ಹಿಂಡಿದರೂ ಗ್ಯಾಸು, ಎಡಗೈ ಸೋತರೂ ಗ್ಯಾಸು, ಬೆವರಿ ನೆಲಕ್ಕೆ ಕೂತರೂ ಗ್ಯಾಸು. ಒಂದು ಸೋಡಾ ಕುಡಿಸುತ್ತಾರೆ. ತೇಗು ಬಂದರೆ ಬದುಕಿದ, ಬಾರದಿದ್ದರೆ ನನ್ನ ಪಟ್ಟಿಗೆ ಬಂದ.

ಕಳೆದ ವರ್ಷ ಒಂದು ಬೆಳಿಗ್ಗೆ ಆರೋಗ್ಯ ಕೇಂದ್ರದ ಸಿಸ್ಟರ್ ಡೇರಿಗೆ ಬಂದು ಬಿ.ಪಿ. ನೋಡುವ ಪುಟ್ಟ ಯಂತ್ರವೊಂದನ್ನು ನನ್ನ ಮೇಜಿನ ಮೇಲಿಟ್ಟರು. "ಹೆಂಗಸರಾದ್ರೆ ಬಸುರಿ ಬಾಣಂತಿ ಅಂತ ನನ್ನ ಕೈಗೆ ಸಿಕ್ತಾರೆ. ನಿಮ್ಮೂರ ಗಂಡಸರು ಸಾಲಾಗಿ ನಿಲ್ಲೋದು ಇದೊಂದು ಜಾಗದಲ್ಲೇ. ನೀನು ನೀಟಾಗಿ ಬರೀತೀಯಂತೆ. ದಿನಾ ನೋಡಿ ಬರೆದಿಡು, ತಿಂಗಳ ಕೊನೆಗೆ ಬರ್ತೀನಿ. ನೂರಾ ನಲವತ್ತರ ಮೇಲೆ ಬಂದವರನ್ನ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಕಳಿಸು" ಎಂದರು. ಈ ಮಾತನ್ನೂ ನಾನು ಬರೆದುಕೊಂಡೆ. ಡೇರಿ ಪುಸ್ತಕದ ಮೊದಲ ಪುಟದಲ್ಲೇ, ಅಡಿಗೆರೆ ಎಳೆದು.

ಅಲ್ಲಿಂದ ಮುಂದೆ ಹೆಸರು, ಲೀಟರು, ಫ್ಯಾಟು, ಅದರ ಪಕ್ಕ ಬಿ.ಪಿ. ಎಂಬ ಹೊಸ ಕಾಲಂ ಬಂತು. ಫ್ಯಾಟು ಕೂಗಿದ ಬಾಯಲ್ಲೇ ಬಿ.ಪಿ.ಯನ್ನೂ ಕೂಗಿದೆ. ಅದೇ ಧ್ವನಿ, ಅದೇ ರಾಗ. ಮೊದಲ ದಿನವೇ ಗೋವಿಂದಪ್ಪನವರು ಜಗಳಕ್ಕೆ ಬಂದರು. ಅವರದು ನೂರಾ ಹದಿನೆಂಟು ಬಂದಿತ್ತು.

"ಏನ್ಲಾ, ಎಲ್ರಿಗಿಂತ ನಂದೇ ಕಮ್ಮೀನಾ? ನಾನೇನು ನೀರು ಬೆರೆಸ್ಕೊಂಡು ಬಂದಿದೀನಾ? ಇನ್ನೊಂದು ಕಿತ ಹಾಕು."

ಇನ್ನೊಂದು ಸಲವೂ ನೂರಾ ಹದಿನೆಂಟೇ. ಹಿಂದೆ ನಿಂತಿದ್ದ ಮುನಿಯಪ್ಪನವರು ತೋಳು ಚಾಚಿದರು. ನೂರಾ ಅರವತ್ತೆರಡು.

"ನೋಡ್ಲಾ ಗೋವಿಂದ, ಇದು ಗಟ್ಟಿ ಸರಕು" ಎಂದರು ಮುನಿಯಪ್ಪನವರು. "ಮೈಸೂರು ಮೈನ್ಸ್‌ನಾಗೆ ಭೂಮಿ ಒಳಗೆ ಇಳಿದು ಬಂದಿರೋ ಒಡಂಬು ಕಣ್ಲಾ ಇದು. ನೀನು ಬಾವಿಗೆ ಇಳಿಯೋಕೂ ಎದರ್ತೀಯ."

ಚಿನ್ನದ ಗಣಿ ಮುಚ್ಚಿದ ಮೇಲೆ ಮುನಿಯಪ್ಪನವರು ಹೆಂಡತಿಯ ಊರಾದ ನಮ್ಮೂರಿಗೆ ಬಂದು ಎರಡು ಹಸು ಕಟ್ಟಿಕೊಂಡಿದ್ದರು. ಮಾತಿಗೆ ತಮಿಳು ಸೇರಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ. ಮೈಗೆ 'ಒಡಂಬು' ಎನ್ನುತ್ತಿದ್ದರು, ನನ್ನನ್ನು 'ಕಣಕ್ಕುಪಿಳ್ಳೆ' ಎನ್ನುತ್ತಿದ್ದರು, ಲೆಕ್ಕ ಬರೆಯುವವನು ಎಂದು. ಭಾನುವಾರ ಆಂಡರ್ಸನ್‌ಪೇಟೆಗೆ ಹೋಗಿ, ಟೀ ಅಂಗಡಿಯ ಬೆಂಚಿನ ಮೇಲೆ ಗಣಿಯ ಹಳೆಯ ಶಿಫ್ಟಿನ ಗೆಳೆಯರೊಂದಿಗೆ ಕೂತು ಬರುವರು. "ಈ ವಾರ ಬೆಂಚು ಇನ್ನೂ ಖಾಲಿ ಕಣಪ್ಪಾ. ನಮ್ ಗ್ಯಾಂಗ್‌ನಾಗೆ ಮೂರೇ ಜನ ಉಳ್ಕೊಂಡ್ವಿ" ಎಂದು ಸೋಮವಾರ ಬೆಳಿಗ್ಗೆ ನಗುನಗುತ್ತಲೇ ಹೇಳುವರು. ಆಮೇಲೆ ತೋಳು ಚಾಚುವರು.

ಹೆಚ್ಚು ಬಂದವನೇ ಗೆದ್ದ ಎಂದು ಊರು ಒಂದೇ ವಾರದಲ್ಲಿ ತೀರ್ಮಾನಿಸಿತು. ಫ್ಯಾಟಿನ ಪಕ್ಕ ಬರೆದದ್ದು ಫ್ಯಾಟಿನಂತೆಯೇ ಇರಬೇಕಲ್ಲ! ಗೋವಿಂದಪ್ಪನವರು ಎರಡು ಲೋಟ ಕಾಫಿ ಕುಡಿದು, ಕೆರೆ ಏರಿಯಿಂದ ಓಡಿಕೊಂಡು ಬಂದು, ಏದುಸಿರು ಬಿಡುತ್ತಾ ನೂರಾ ಮೂವತ್ತೆರಡು ಮಾಡಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಮುನಿಯಪ್ಪನವರು ಕಾಫಿಯನ್ನೂ ಕುಡಿಯದೆ, ನಡೆದೇ ಬಂದು ನೂರಾ ಎಪ್ಪತ್ತು ದಾಟಿದರು. ಸೋತವನು ಗೆದ್ದವನಿಗೆ ಒಂದು ವಡೆ ಕೊಡಿಸಬೇಕು. ಎಣ್ಣೆ ಸೋರುವ ಆ ವಡೆಯನ್ನು ಮುನಿಯಪ್ಪನವರು ದಿನವೂ ನನ್ನ ಮೇಜಿಗೆ ಒರಗಿಕೊಂಡೇ ತಿನ್ನುತ್ತಿದ್ದರು. ನಾನು ಅವರ ಅಂಕಿಗೆ ಕೆಂಪು ಶಾಯಿಯಲ್ಲಿ ದುಂಡಗೆ ಸುತ್ತು ಹಾಕುತ್ತಿದ್ದೆ. ಉತ್ತಮ ಹಾಲಿಗೂ ಹಾಗೆಯೇ ಹಾಕುವ ರೂಢಿ.

ಊರಿನವರಿಗೆ ತಿಳಿಯದು, ಸರಿ. ನನಗೆ ತಿಳಿದಿತ್ತು. ಮೊದಲ ಪುಟದಲ್ಲಿ ಅಡಿಗೆರೆ ಎಳೆದವನು ನಾನೇ. ಹಾಗಾದರೆ ಯಾಕೆ ಕಳಿಸಲಿಲ್ಲ? ಇದನ್ನು ಹೇಳಲು ನಾಚಿಕೆಯಾಗುತ್ತದೆ. ಡೇರಿಯಲ್ಲಿ ಒಂದು ದಿನದ ಹಾಲು ನೋಡಿ ಹಸುವಿನ ಯೋಗ್ಯತೆ ಹೇಳುವುದಿಲ್ಲ. ಒಂದು ದಿನ ಹಿಂಡಿ ಹೆಚ್ಚು ತಿಂದಿರಬಹುದು, ಒಂದು ದಿನ ಬೆದೆಗೆ ಬಂದಿರಬಹುದು. ಎಲ್ಲ ದಿನ ಕೂಡಿ ಭಾಗಿಸಬೇಕು. ಮುನಿಯಪ್ಪನವರದೂ ಹಾಗೆಯೇ ಎಂದುಕೊಂಡೆ. ಮೂವತ್ತು ದಿನ ತುಂಬಲಿ, ಸರಾಸರಿ ತೆಗೆಯೋಣ, ಸಿಸ್ಟರ್ ಬಂದಾಗ ಬಿಳಿ ಹಾಳೆಯ ಮೇಲೆ ಗೆರೆ ಹಾಕಿದ ಪಟ್ಟಿ ಕೊಡೋಣ, ಅವರು 'ಎಷ್ಟು ಚೆನ್ನಾಗಿ ಬರೆದಿದ್ದೀಯಪ್ಪಾ' ಅನ್ನಲಿ ಎಂದು ಕಾಯುತ್ತಿದ್ದೆ. ಹಾಳೆ ಮೊದಲೇ ತಂದಿಟ್ಟಿದ್ದೆ. ಮೇಲೆ ಹೆಸರುಗಳನ್ನೂ ಬರೆದಿದ್ದೆ.

ಇಪ್ಪತ್ತಾರನೆಯ ದಿನ ನೂರಾ ಎಂಬತ್ತೆಂಟು ಬಂತು. ಮುನಿಯಪ್ಪನವರು ವಡೆ ತಿನ್ನಲಿಲ್ಲ. "ಯಾಕೋ ಎದೆ ಉರೀತದೆ ಕಣಕ್ಕುಪಿಳ್ಳೆ, ನೆನ್ನೆ ಅವರೆಕಾಳು ಜಾಸ್ತಿ ಆಯ್ತು. ಮನೆಗೆ ಓಗಿ ಸೋಡಾ ಕುಡೀತೀನಿ" ಎಂದು ಖಾಲಿ ಕ್ಯಾನು ತೂಗಿಸಿಕೊಂಡು ಹೋದರು. ನಾನು ಕೆಂಪು ಸುತ್ತು ಹಾಕಿ, ಒಣಗಲೆಂದು ಊದಿದೆ. ಒಂಬತ್ತು ಗಂಟೆಗೆ ಅವರನ್ನು ಆಟೋದಲ್ಲಿ ಮಲಗಿಸಿಕೊಂಡು ಬಂಗಾರಪೇಟೆಯ ಕಡೆ ಹೋದರು. ಆಟೋ ಅರ್ಧ ದಾರಿಯಿಂದ ತಿರುಗಿ ಬಂತು. ಮನೆಯ ಮುಂದೆ ನಿಂತವರೆಲ್ಲ ಗ್ಯಾಸು ಎಂದರು. ನಾನು ಮೊದಲ ಸಲ ಆ ಪದವನ್ನು ಪಟ್ಟಿಯಲ್ಲಿ ಬರೆಯಲಾರದೆ ಹೋದೆ.

ತಿಂಗಳ ಕೊನೆಗೆ ಸಿಸ್ಟರ್ ಬಂದರು. ಪುಸ್ತಕದ ಒಂದೊಂದೇ ಪುಟ ತಿರುವಿದರು. ಬೈಯುತ್ತಾರೆಂದು ತಲೆತಗ್ಗಿಸಿ ಕೂತಿದ್ದೆ. ಬೈದಿದ್ದರೆ ಆಗುತ್ತಿತ್ತು. ಅವರು ಕೆಂಪು ಸುತ್ತುಗಳ ಮೇಲೆ ಬೆರಳಾಡಿಸಿ, "ಒಂದು ದಿನಾನೂ ಬಿಟ್ಟಿಲ್ವಲ್ಲಪ್ಪಾ ನೀನು. ಇಷ್ಟು ನೀಟಾಗಿ ಯಾರೂ ಬರೆಯಲ್ಲ" ಎಂದು ಪುಸ್ತಕ ಮುಚ್ಚಿಟ್ಟು ಹೋದರು. ಆ ಮಾತು ಕಿವಿಗೆ ಬಿದ್ದಾಗ ಒಂದು ಗಳಿಗೆ ನನಗೆ ಖುಷಿಯೂ ಆಯಿತು.

ಹದಿನೈದು ದಿನ ಕಳೆದ ಮೇಲೆ ಮುನಿಯಪ್ಪನವರ ಹೆಂಡತಿ ನಾರಾಯಣಮ್ಮ ತಾವೇ ಹಾಲು ತಂದರು. ಸಾಲಿನಲ್ಲಿದ್ದವರೆಲ್ಲ ದಾರಿ ಬಿಟ್ಟರು. ಹಾಲು ಅಳೆದಾದ ಮೇಲೂ ಅವರು ಹೋಗಲಿಲ್ಲ.

"ಅವತ್ತು ನಮ್ ಯಜಮಾನ್ರದು ಎಷ್ಟು ಬಂದಿತ್ತಪ್ಪಾ?"

"ನೂರಾ ಎಂಬತ್ತೆಂಟಮ್ಮ."

"ಜಾಸ್ತೀನಾ ಅದು?"

"ಜಾಸ್ತಿ. ತುಂಬಾ ಜಾಸ್ತಿ. ಮೊದಲನೇ ದಿನವೇ ನಾನು ಆಸ್ಪತ್ರೆಗೆ ಕಳಿಸಬೇಕಿತ್ತಮ್ಮ. ಗೊತ್ತಿತ್ತು ನನಗೆ."

ನಾರಾಯಣಮ್ಮ ಖಾಲಿ ಕ್ಯಾನನ್ನು ಕೆಳಗಿಟ್ಟರು.

"ಅವತ್ತೂ 'ನಾನೇ ಗೆದ್ದೆ ಕಣೇ' ಅಂತ ಏಳ್ಕೊಂಡು ಒಳಗೆ ಬಂದ್ರು. ನಾನೂ ನಕ್ಕೆ. ನೀನು ಕಳಿಸಿದ್ರೂ ಆವಪ್ಪ ಓಗ್ತಾ ಇರ್ಲಿಲ್ಲ ಬಿಡು. ಆದ್ರೂ ನೀನು ಒಂದು ಮಾತು ಅನ್ನಬೇಕಿತ್ತು." ಆಮೇಲೆ ಯಂತ್ರದ ಕಡೆ ನೋಡಿದರು. "ನಿಂದು ಎಷ್ಟದೆ?"

ನನ್ನದು? ಆ ಪುಸ್ತಕದಲ್ಲಿ ಮೂವತ್ತೊಂದು ಗಂಡಸರ ಹೆಸರಿತ್ತು, ನನ್ನದಿರಲಿಲ್ಲ. ಹಾಲು ಹಾಕದವನಿಗೆ ಸಾಲು ಎಲ್ಲಿಯದು? ನಾರಾಯಣಮ್ಮ ಬಿಡಲಿಲ್ಲ. ಗೋವಿಂದಪ್ಪನವರು ಮುಂದೆ ಬಂದು ನನ್ನ ತೋಳಿಗೆ ಪಟ್ಟಿ ಸುತ್ತಿದರು. ನೂರಾ ಐವತ್ತೆರಡು. ನನಗೆ ಇಪ್ಪತ್ತೊಂಬತ್ತು ವರ್ಷ. ಯಾರೂ ಚಪ್ಪಾಳೆ ತಟ್ಟಲಿಲ್ಲ. "ಒಂದೇ ಸಲದ್ದು ನಂಬೋಕಾಗಲ್ಲಮ್ಮ, ನಾಲ್ಕು ದಿನ ನೋಡಿ..." ಎನ್ನುತ್ತಾ ಬರೆಯಲು ಪೆನ್ನು ಎತ್ತಿಕೊಂಡೆ. ನಾರಾಯಣಮ್ಮ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ಬರ್ದಿದ್ದು ಸಾಕು, ಏಳು ಮೇಲೆ. ಬಸ್ಸು ಬತ್ತದೆ. ಗೋವಿಂದಣ್ಣ, ನೀನು ಕೂತ್ಕೊಂಡು ಹಾಲು ನೋಡ್ಕೊ."

ಬಂಗಾರಪೇಟೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವರು, ಈಚೆಗೆ ನಾನು. ಅವರಿಗೆ ಸೊನ್ನೆ ಟಿಕೆಟ್ಟು, ನನಗೆ ದುಡ್ಡಿನದು. ಬೂದಿಕೋಟೆ ದಾಟಿದ ಮೇಲೆ, "ಅಷ್ಟು ದಿನ ಯಾತಕ್ಕಪ್ಪಾ ಕಾಯ್ತಾ ಇದ್ದೆ ನೀನು?" ಎಂದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಸರಾಸರಿ ತೆಗೆಯಲು ಎಂದೆ. ಹಾಗಂದರೇನು ಎಂದು ಕೇಳಿದರು. ಪ್ರತಿ ದಿನದ ಅಂಕಿಯನ್ನೂ ಕೂಡಿ, ಎಷ್ಟು ದಿನವೋ ಅಷ್ಟರಿಂದ ಭಾಗಿಸುವುದು ಎಂದು ವಿವರಿಸಿದೆ. ಲೆಕ್ಕ ಹೇಳಿಕೊಡುವಾಗ ನನ್ನ ಧ್ವನಿಗೆ ಬರುವ ಹುರುಪು ಆಗಲೂ ಬಂದಿತ್ತು.

ನಾರಾಯಣಮ್ಮ ರೈಲ್ವೆ ಗೇಟು ಬರುವವರೆಗೆ ಯೋಚಿಸಿದರು.

"ಸತ್ತ ದಿನಾನೂ ಸೇರಿಸ್ಕೋತಾರಾ ಅದರಾಗೆ?"

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಮರೆತುಹೋಗುವ ಮೊದಲು ಟಿಕೆಟ್ಟಿನ ಹಿಂದೆಯಾದರೂ ಬರೆದುಕೊಳ್ಳೋಣವೆಂದು ಕೈ ತಾನಾಗಿ ಜೇಬಿಗೆ ಹೋಯಿತು. ಪೆನ್ನು ಅವರ ಮುಷ್ಟಿಯಲ್ಲೇ ಇತ್ತು.