ತುಫಾನಿನ ಬೆನ್ನು ಹತ್ತಿದ್ದು

ಗಾಳಿಯ ವಿಷಯದಲ್ಲಿ ನನಗೆ ಆಗುವುದೆಲ್ಲ ಹೀಗೆಯೇ. ನಾನು ಬಾಗಿಲು ತೆರೆದು ನಿಂತಾಗ ಅದು ಬರುವುದಿಲ್ಲ. ಅದು ಬಂದಾಗ ಯಾರಾದರೊಬ್ಬರು ಬಾಗಿಲು ಹಾಕಿಬಿಟ್ಟಿರುತ್ತಾರೆ.

ಎಂಬತ್ತರ ದಶಕದಲ್ಲಿ ನಾನು ಗುಡಗೇರಿಗೆ ಹತ್ತಿರದ ಒಂದು ಬೀಜದ ಫಾರ್ಮಿನಲ್ಲಿ ಕಾರಕೂನನಾಗಿದ್ದೆ. ಕಾಗದಪತ್ರದ ಜೊತೆಗೆ ದಿನಾ ಬೆಳಿಗ್ಗೆ ಮಳೆ ಅಳೆಯುವುದು, ಗಾಳಿ ಅಳೆಯುವುದು ನನ್ನ ಪಾಲಿಗಿತ್ತು. ಹಡಗಿನವರು ಬರೆದ ಪ್ರವಾಸದ ಪುಸ್ತಕಗಳನ್ನು ಓದಿ ಓದಿ ನನಗೊಂದು ಹುಚ್ಚು ಹಿಡಿದಿತ್ತು: ಒಂದು ಸಲ, ಒಂದೇ ಸಲ, ನಿಜವಾದ ಚಂಡಮಾರುತದ ಗಾಳಿಗೆ ಮುಖ ಕೊಟ್ಟು ನಿಲ್ಲಬೇಕು. ದೀಪಾವಳಿ ಮುಗಿದ ಮೇಲೆ, ಮಳೆಗಾಲ ಹೋಯಿತು ಎಂದು ಎಲ್ಲರೂ ಮರೆತಾಗ, ಬಂಗಾಳ ಕೊಲ್ಲಿಯಲ್ಲಿ ವರ್ಷದ ಕೊನೆಯ ತುಫಾನುಗಳು ಏಳುತ್ತವೆ. ನಾನು ರೇಡಿಯೋ ಹಿಡಿದು ಅವುಗಳ ಬೆನ್ನು ಹತ್ತುತ್ತಿದ್ದೆ. ನಮ್ಮ ಎರಿ ಹೊಲಗಳಿಗೆ ಬರುವ ಹೊತ್ತಿಗೆ ಅವು ದಣಿದು, ಮೂರು ದಿನದ ಮೋಡ ಮತ್ತು ತುಂತುರು ಆಗಿರುತ್ತಿದ್ದವು.

ಈ ಹುಚ್ಚನ್ನು ನಾನು ಯಾರಿಗೂ ಹೇಳಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು.

ಟಾಚಣಿ

ಮನೆಯ ಗೋಡೆಗೆ ಹಳೆಯ ಭೂಪಟವೊಂದನ್ನು ಅಂಟಿಸಿದ್ದೆ. ರೇಡಿಯೋದವರು ತುಫಾನು ಎಲ್ಲಿದೆ ಎಂದು ಹೇಳಿದಂತೆ ಒಂದು ಟಾಚಣಿಯನ್ನು, ಗುಂಡು ತಲೆಯ ಸೂಜಿಯನ್ನು, ಸಮುದ್ರದಲ್ಲಿ ಸರಿಸುತ್ತ ಹೋಗುವುದು ನನ್ನ ಪದ್ಧತಿ. ಒಂದು ದಿನ ಬೆಳಿಗ್ಗೆ ಟಾಚಣಿ ದಂಡೆಗೆ ಬೆರಳಿನಷ್ಟು ದೂರದಲ್ಲಿತ್ತು. ಮಧ್ಯಾಹ್ನ ಊಟಕ್ಕೆ ಬಂದು ನೋಡಿದರೆ ಸಮುದ್ರ ಖಾಲಿ.

"ಇಲ್ಲಿದ್ದ ತುಫಾನು ಎಲ್ಲಿ ಹೋತು?" ಎಂದು ಹೆಂಡತಿಯನ್ನು ಕೇಳಿದೆ.

ಅವಳು ಅರಿಷಿಣ ಕುಂಕುಮಕ್ಕೆ ಹೊರಟು ನಿಂತಿದ್ದಳು. "ನನ್ನ ಸೆರಗಿನಾಗ ಐತ್ರೀ. ಹೊಸಾ ಸೀರಿ, ಹೆಗಲ ಮ್ಯಾಲ ನಿಲ್ಲವಲ್ದು."

"ಅದು ಸಂಜಿಕ ದಂಡಿ ಮುಟ್ಟೂದೈತಿ!"

"ಮುಟ್ಟಲಿ ಬಿಡ್ರೀ. ಅಷ್ಟರಾಗ ನಾನೂ ಮನಿ ಮುಟ್ಟತೀನಿ."

ಸಂಜೆ ಬಂದವಳು ಟಾಚಣಿಯನ್ನು ಇದ್ದ ಜಾಗದಲ್ಲೇ ಚುಚ್ಚಿದ್ದೇನೆ ಎಂದಳು. ಕನ್ನಡಕ ಹಾಕಿಕೊಂಡು ನೋಡಿದೆ. ತುಫಾನು ಕಾಶಿಯಲ್ಲಿತ್ತು.

"ಇರಲಿ ಬಿಡ್ರೀ," ಎಂದಳು. "ಈ ಮನಿಯಾಗ ಯಾರರೆ ಒಬ್ಬರು ಕಾಶಿ ಕಂಡ್ರಲ್ಲ."

ಸರಕಾರದ ಸಾಮಾನು

ಫಾರ್ಮಿನಲ್ಲಿ ಗಾಳಿ ಅಳೆಯುವ ಯಂತ್ರವಿತ್ತು. ಎತ್ತರದ ಕಂಬದ ತುದಿಗೆ ಬಟ್ಟಲುಗಳು. ಗಾಳಿ ಬಂದರೆ ಅವು ಗರಗರ ತಿರುಗುತ್ತವೆ, ಎಷ್ಟು ತಿರುಗಿದವು ಎಂಬುದು ಕೆಳಗಿನ ಡಬ್ಬಿಯಲ್ಲಿ ಅಂಕಿಯಾಗಿ ಬೀಳುತ್ತದೆ. ಅದನ್ನು ಕಾಯಲು ಒಬ್ಬ ಕಾವಲುಗಾರನೂ ಇದ್ದ. ಬಹಳ ಪ್ರಾಮಾಣಿಕ ಮನುಷ್ಯ. ಅವನ ಪ್ರಾಮಾಣಿಕತೆಯೇ ನನ್ನನ್ನು ಕೆಡಿಸಿತು.

ಒಮ್ಮೆ ನಾನು ಕಚೇರಿ ಕೆಲಸಕ್ಕೆ ಎರಡು ದಿನ ಹುಬ್ಬಳ್ಳಿಗೆ ಹೋದಾಗಲೇ ಒಂದು ತುಫಾನಿನ ಬಾಲ ನಮ್ಮ ಕಡೆ ಬೀಸಿತು. ಸುದ್ದಿ ಕೇಳಿ ರೈಲಿಳಿದವನೇ ನೇರ ಫಾರ್ಮಿಗೆ ಓಡಿದೆ. ದಾರಿಯಲ್ಲಿ ಎರಡು ಜಾಲಿಮರ ಅಡ್ಡ ಬಿದ್ದಿದ್ದವು. ಗಾಳಿಗೆ ಮುಖ ಕೊಡುವುದಂತೂ ತಪ್ಪಿತು, ಅದರ ಅಂಕಿಯನ್ನಾದರೂ ಕಣ್ಣಾರೆ ನೋಡೋಣ ಎಂದು ಡಬ್ಬಿ ತೆರೆದೆ. ನಾನು ಹೋಗುವಾಗ ಎಷ್ಟಿತ್ತೋ ಅಷ್ಟೇ ಇತ್ತು. ತಲೆ ಎತ್ತಿ ನೋಡಿದರೆ ಬಟ್ಟಲುಗಳಿಗೆಲ್ಲ ಗೋಣಿತಟ್ಟು ಸುತ್ತಿ ಸುತಳಿ ಬಿಗಿದಿತ್ತು.

"ಯಾರು ಕಟ್ಟಿದ್ರೋ ಇದನ್ನ?"

"ನಾನ ಕಟ್ಟೀನ್ರಿ ಸಾಹೇಬ್ರ. ನೀವು ಹೊರಟ ಕೂಡ್ಲೆ ಮೋಡ ಕಪ್ಪಾತ್ರಿ, ಅಗದಿ ಜೋರ ಗಾಳಿ ಬರೂ ಹಂಗಿತ್ರಿ. ಬಿಟ್ಟಿದ್ರ ಹುಚ್ಚು ಹಿಡದಂಗ ತಿರಗತಿದ್ವು."

"ಗಾಳಿ ಬಂದಾಗ ತಿರಗಲಿ ಅಂತನ ಅದನ್ನ ಇಟ್ಟಾರಪಾ!"

"ದಿನಾ ತಿರಗತಾವಲ್ರಿ. ಸಣ್ಣ ಗಾಳಿಗೆ ನಾ ಏನರೆ ಅಂದೀನೇನ್ರಿ? ಇಂಥಾ ಗಾಳಿಯಾಗ ಬಿಟ್ಟು ಮುರದು ಬಿದ್ರ ಸರಕಾರಕ್ಕ ಜವಾಬ ಯಾರು ಹೇಳವ್ರು?"

ನಾನು ರಜಿಸ್ಟರಿನಲ್ಲಿ ಇದ್ದದ್ದನ್ನೇ ಬರೆದೆ: ಗಾಳಿ, ಸೊನ್ನೆ. ತಿಂಗಳಾದ ಮೇಲೆ ಮೇಲಿನ ಕಚೇರಿಯಿಂದ ಕಾಗದ ಬಂತು. ಸುತ್ತಲ ಊರುಗಳಲ್ಲಿ ಮರ ಉರುಳಿದ ದಿನ ನಿಮ್ಮಲ್ಲಿ ಎಲೆಯೂ ಅಲುಗಾಡದಿರಲು ಕಾರಣವೇನು, ಯಂತ್ರವೇನಾದರೂ ಮುರಿದಿದೆಯೇ, ತಿಳಿಸುವುದು. ಕಾವಲುಗಾರನಿಗೆ ಓದಿ ಹೇಳಿದೆ.

ಅವನ ಮುಖ ಅರಳಿತು. "ಮುರದಿಲ್ಲ ಅಂತ ಬರೀರಿ ಸಾಹೇಬ್ರ. ಒಂದು ಬಟ್ಟಲಾ ಸೈತ ಸೊಟ್ಟಾಗಿಲ್ಲ, ನಾ ಅದೀನಿ ಅಂತ ಬರೀರಿ."

ಕಾಕಾ ಕಂಡುಕೊಂಡ ಪದ್ಧತಿ

ನಮ್ಮ ಬಾಜು ಮನೆಯವರನ್ನು ಓಣಿಯೆಲ್ಲ ಕಾಕಾ ಎನ್ನುತ್ತಿತ್ತು. ಮೆಣಸಿನಕಾಯಿ ಬೆಳೆಯುವವರು. ವರ್ಷದ ಕೊನೆಗೆ ಮೊದಲ ಸಲ ಬಿಡಿಸಿದ ಕಾಯಿಯನ್ನು ಮನೆಯ ಮಣ್ಣಿನ ಮಾಳಿಗೆಯ ಮೇಲೆ ಹರವಿ ಒಣಗಿಸುತ್ತಿದ್ದರು. ಸರಿಯಾಗಿ ನನ್ನ ತುಫಾನುಗಳ ಕಾಲ. ಒಂದು ತುಂತುರು ಬಿದ್ದರೂ ಕಾಯಿ ಬಣ್ಣಗೆಟ್ಟು ಬೂಷ್ಟು ಹಿಡಿಯುತ್ತದೆ.

ಮೊದಲ ವರ್ಷ ನಾನೇ ಹೋಗಿ ಎಚ್ಚರಿಸಿದೆ. ಕಾಕಾ ಅವಸರದಿಂದ ಹಸಿ ಕಾಯಿಯನ್ನೆಲ್ಲ ಒಳಗೆ ತುಂಬಿದರು. ಮೂರು ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಕಾಯಿ ಒಳಗೇ ಕೊಳೆಯಿತು. ಎರಡನೆಯ ವರ್ಷವೂ ಹಾಗೇ. ಮೂರನೆಯ ವರ್ಷ, ಇದು ಬೇರೆ ಕಡೆ ಹೊರಳುತ್ತದೆ, ನಿಶ್ಚಿಂತೆಯಿಂದ ಇರಿ ಎಂದೆ. ಅದು ನಮ್ಮ ಓಣಿಗೇ ಬಂತು.

ನಾಲ್ಕನೆಯ ವರ್ಷ ಕಾಕಾ ತಾವಾಗಿಯೇ ಕಟ್ಟೆಗೆ ಬಂದು ಕೂತರು.

"ಸಾಹೇಬ್ರ, ಈ ಸಲ ಏನಂತೈತ್ರಿ ನಿಮ್ಮ ತುಫಾನು?"

"ಈ ಸಲ ಖಂಡಿತ ಬರತೈತಿ ಕಾಕಾ."

"ಖಂಡಿತ?"

"ಖಂಡಿತ."

"ಚೊಲೋ ಆತು ಬಿಡ್ರಿ," ಎಂದು ಮನೆಯ ಕಡೆ ತಿರುಗಿ ಕೂಗಿದರು, "ಏ, ಕೇಳ್ತೇನ? ಕಾಯಿ ಎಲ್ಲಾ ಮ್ಯಾಲ ಹರವು. ಸಾಹೇಬ್ರು ಬರತೈತಿ ಅಂದಾರ!"

ಬರಲಿಲ್ಲ. ಕಾಯಿ ಬಂಗಾರದ ಹಾಗೆ ಒಣಗಿತು. ಅಲ್ಲಿಂದ ಕಾಕಾ ನಾನು ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ ಮಾಡತೊಡಗಿದರು, ಮತ್ತು ಒಂದು ವರ್ಷವೂ ಕೆಡಲಿಲ್ಲ. ಪ್ರತಿ ವರ್ಷ ಒಂದು ಪುಟ್ಟಿ ಕಾಯಿ ನಮ್ಮ ಮನೆಗೆ ಬರುತ್ತಿತ್ತು.

"ನಿಮ್ಮಿಂದ ಬಾಳ ಉಪಕಾರ ಆಗೇತ್ರಿ," ಎನ್ನುತ್ತಿದ್ದರು. "ಹಿಂಗ ಹೇಳಕೋತ ಇರ್ರಿ."

ಗಟ್ಟಿಮುಟ್ಟಾದ ಲಾಡ್ಜು

ಒಂದು ವರ್ಷ ಮನಸ್ಸು ತಡೆಯದೆ ರಜೆ ಹಾಕಿ, ಹುಬ್ಬಳ್ಳಿಯಿಂದ ಪೂರ್ವದ ರೈಲು ಹತ್ತಿ, ಎರಡು ಕಡೆ ಬದಲಿಸಿ, ಆಂಧ್ರದ ದಂಡೆಯ ಒಂದು ಸಣ್ಣ ಊರಿಗೆ ಹೋದೆ. ಮರುದಿನ ಮಧ್ಯಾಹ್ನ ತುಫಾನು ಅಲ್ಲಿಗೇ ಬಡಿಯುವುದಿತ್ತು. ಊರಿನ ಜನ ಗಂಟುಮೂಟೆ ಕಟ್ಟಿಕೊಂಡು ಆ ಕಡೆಯಿಂದ ಬರುತ್ತಿದ್ದರು. ಆ ಕಡೆಗೆ ಹೋಗುತ್ತಿದ್ದವನು ನಾನೊಬ್ಬನೇ.

ಲಾಡ್ಜಿನ ಯಜಮಾನನಿಗೆ ಹಿಂದಿ ಅಷ್ಟಿಷ್ಟು ಬರುತ್ತಿತ್ತು. ಯಾಕೆ ಬಂದಿರಿ ಎಂದು ಕೇಳಿದ. ಗಾಳಿಯಲ್ಲಿ ನಿಲ್ಲಲು ಬಂದಿದ್ದೇನೆ ಎಂದೆ. ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಮಕ್ಕಳೆಷ್ಟು ಎಂದು ಕೇಳಿದ. ಮೂರು ಎಂದೆ. ತಲೆಯಾಡಿಸಿ, ಕಟ್ಟಡದ ನಡುವಿನ ಒಂದು ಕೋಣೆ ತೋರಿಸಿದ. ಅದಕ್ಕೆ ಕಿಟಕಿಯೇ ಇರಲಿಲ್ಲ. ಮರುದಿನ ಊಟ ಮಾಡಿ ಚಪ್ಪಲಿ ಹಾಕಿಕೊಂಡು ಹೊರಡಬೇಕೆಂದರೆ ಬಾಗಿಲಿಗೆ ಹೊರಗಿನಿಂದ ಬೀಗ.

ಬಡಿದೆ, ಕೂಗಿದೆ. ತಲೆಯ ಮೇಲೆ ಗೂಡ್ಸ್ ಗಾಡಿ ಹೋದಂತೆ ಸದ್ದು. ಎಲ್ಲೋ ತಗಡು ಹಾರಿದ ಸದ್ದು, ಗಾಜು ಒಡೆದ ಸದ್ದು. ನನ್ನ ಕೋಣೆಯಲ್ಲಿ ಮಾತ್ರ ಸೊಳ್ಳೆಗಳು ನಿಶ್ಚಿಂತೆಯಿಂದ ಹಾರಾಡುತ್ತಿದ್ದವು. ನಡುವೆ ಒಮ್ಮೆ ಯಜಮಾನ ಚಹಾ ತಂದ. ಬಾಗಿಲಿಗೇ ಬೆನ್ನು ಕೊಟ್ಟು ಕೂತು, ನಾನು ಕುಡಿಯುವವರೆಗೂ ಕಾದು, ಕಪ್ಪು ತೆಗೆದುಕೊಂಡು ಮತ್ತೆ ಬೀಗ ಹಾಕಿದ.

ಸಂಜೆ ಬಾಗಿಲು ತೆರೆದಾಗ ಬೀದಿಯ ತುಂಬ ತೆಂಗಿನಮರಗಳು ಮಲಗಿದ್ದವು. ಮಂದವಾಗಿ ತಂಗಾಳಿ ಸುಳಿಯುತ್ತಿತ್ತು. ಯಜಮಾನ ಒಂದು ಪುಸ್ತಕ ಮುಂದಿಟ್ಟು, ವಾಸ್ತವ್ಯ ಹೇಗಿತ್ತು ಬರೆಯಿರಿ ಎಂದ. ನಾನು ಸುಳ್ಳು ಬರೆಯುವವನಲ್ಲ. "ಈ ಲಾಡ್ಜಿನಲ್ಲಿ ಗಾಳಿಯ ಕಾಟ ಎಳ್ಳಷ್ಟೂ ಇಲ್ಲ" ಎಂದು ಬರೆದು ಸಹಿ ಮಾಡಿದೆ.

ಬರುವುದಿಲ್ಲ ಎಂದೆ

ಊರಿಗೆ ಮರಳಿದಾಗ ಮೊದಲು ಎದುರಾದವರು ಕಾಕಾ.

"ಕಂಡ್ರೇನ್ರಿ ಸಾಹೇಬ್ರ? ಹೆಂಗಿತ್ರಿ?"

"ಏನ ಹೇಳ್ಲಿ ಕಾಕಾ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ನನ್ನದು ಮೊದಲೇ ಮಾತು ಕಡಿಮೆ. ಬೀಗ ಹಾಕಿದ ಕೋಣೆಯ ಕಥೆಯನ್ನಂತೂ ಯಾರಿಗೆ ಹೇಳಲಿ? ನಾನು ಹೇಳದೆ ಬಿಟ್ಟದ್ದು ಓಣಿಯಲ್ಲಿ ಹೇಗೆ ಬೆಳೆಯಿತು ಎಂಬುದು ನನಗೆ ಆಗ ತಿಳಿಯಲೇ ಇಲ್ಲ. ಸಾಹೇಬರು ತುಫಾನಿಗೆ ಎದೆ ಕೊಟ್ಟು ನಿಂತು ಬಂದಿದ್ದಾರೆ, ಅದರ ಹೊಡೆತಕ್ಕೆ ಇದ್ದ ಮಾತೂ ಹೋಗಿದೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರಂತೆ.

ಮುಂದಿನ ವರ್ಷ ಕಾಕಾರ ಗಿಡಕ್ಕೆ ಮುಟುರು ರೋಗ ಬಿತ್ತು. ಎಲೆ ಮುದುಡಿ ಹೋಯಿತು. ಎರಡನೆಯ ಸಲ ಕಾಯಿ ಬಿಡಿಸುವ ಆಸೆ ಉಳಿದಿರಲಿಲ್ಲ. ಮಾಳಿಗೆಯ ಮೇಲೆ ಹರವಿದ್ದಷ್ಟೇ ಅವರ ವರ್ಷದ ಬೆಳೆ. ಆಗಲೇ ರೇಡಿಯೋ ಹೇಳಿತು: ತುಫಾನು ಎದ್ದಿದೆ, ನೇರ ಪಶ್ಚಿಮಕ್ಕೆ ಬರುತ್ತಿದೆ. ಟಾಚಣಿ ಸರಿಸುತ್ತ ಹೋದಂತೆ ಅದು ನಮ್ಮ ಕಡೆಗೇ ಗೆರೆ ಎಳೆದ ಹಾಗೆ ಬಂತು. ಇಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಅನುಮಾನವೇ ಉಳಿಯಲಿಲ್ಲ.

ಕಾಕಾ ಕಟ್ಟೆಗೆ ಬಂದರು. ನಾನು ಯೋಚಿಸಿದೆ. ಬರುತ್ತದೆ ಎಂದರೆ ಇವರು ಪದ್ಧತಿಯಂತೆ ಹರವಿ ಕೂಡುತ್ತಾರೆ, ಎಲ್ಲ ಹಾಳಾಗುತ್ತದೆ. ಕಾಯಿ ಉಳಿಯಬೇಕಾದರೆ ನಾನು ಸುಳ್ಳು ಹೇಳಲೇಬೇಕು.

"ಬರೂದಿಲ್ಲ ಕಾಕಾ," ಎಂದೆ.

"ಖರೇನ್ರಿ?"

"ಖರೇ."

"ಹಂಗಾದ್ರ ಚಿಂತಿ ಇಲ್ಲ," ಎಂದು ಎದ್ದು ಹೋದರು. ಸಂಜೆಯೊಳಗೆ ಕಾಯಿ ಒಳಗೆ ಸೇರುತ್ತದೆ ಎಂದು ನಾನೂ ಸಮಾಧಾನದಿಂದ ಉಂಡೆ.

ಮರುದಿನ ಮಧ್ಯಾಹ್ನ ಬಂತು. ಮೂಡಲ ದಿಕ್ಕು ಕಪ್ಪಾಗಿ, ಜೋಳದ ಹೊಲಗಳೆಲ್ಲ ಒಂದೇ ಕಡೆ ಬಾಗಿದವು. ನಾನು ಅಂಗಳದಲ್ಲಿ ಅಂಗಿಯ ಗುಂಡಿ ಬಿಚ್ಚಿ ನಿಂತೆ. ಬಾಗಿಲು ಹಾಕುವವರು ಯಾರೂ ಇರಲಿಲ್ಲ, ಕಟ್ಟುವವರೂ ಇರಲಿಲ್ಲ. ಮೊದಲ ಬೀಸು ಮುಖಕ್ಕೆ ತಾಗಿತು. ಕಣ್ಣು ಮುಚ್ಚಿದೆ. ಎರಡನೆಯ ಬೀಸಿನ ಜೊತೆ ಹಣೆಗೆ ಏನೋ ಪಟ್ಟನೆ ಬಡಿಯಿತು. ಕಣ್ಣು ತೆರೆದರೆ ಕಾಲ ಬಳಿ ಒಂದು ಕೆಂಪು ಮೆಣಸಿನಕಾಯಿ. ಹಿಂದೆಯೇ ಇನ್ನೆರಡು ಬಂದವು. ತಲೆ ಎತ್ತಿ ನೋಡಿದೆ. ಕಾಕಾರ ಮಾಳಿಗೆ ಈ ತುದಿಯಿಂದ ಆ ತುದಿಗೆ ಕೆಂಪಗಿತ್ತು.

ನಿಚ್ಚಣಿಕೆ ಹತ್ತಿ ಓಡಿದೆ. ಕಾಕಾ ಎರಡೂ ತೋಳಿನಿಂದ ಕಾಯಿ ಬಾಚಿ ಗುಡ್ಡೆ ಹಾಕುತ್ತಿದ್ದರು.

"ಯಾಕ ಕಾಕಾ, ಒಳಗ ಯಾಕ ತಗೀಲಿಲ್ಲ?"

"ನೀವ ಬರೂದಿಲ್ಲ ಅಂದ್ರಲ್ಲ!"

"ನಾ ಅಂದಿದ್ದಕ್ಕ ದರಾ ವರ್ಷ ಉಲ್ಟಾ ಮಾಡತಿದ್ರಲ್ಲ!"

"ಅದು ಹಿಂದಿನ ಮಾತ್ರಿ. ಈಗ ನೀವು ಹೋಗಿ ಅದರ ಮಾರಿ ನೋಡಿ ಬಂದವ್ರು. ಇನ್ನೂ ನಿಮ್ಮನ್ನ ನಂಬಲಿಲ್ಲಂದ್ರ ನಾ ಎಂಥಾ ಮನಶ್ಯಾರಿ?"

ಕಾಕಾರ ಹೆಂಡತಿ ಚಿಗವ್ವ ಕೆಳಗಿನಿಂದ ತನ್ನ ಮದುವೆಯ ನವಲಗುಂದದ ಜಮಖಾನೆಯನ್ನು ಹೊತ್ತು ತಂದು ಕೊಟ್ಟು, ಒಲೆಯ ಮೇಲೆ ರೊಟ್ಟಿ ಇದೆ ಎಂದು ಓಡಿದಳು. ಗುಡ್ಡೆಯ ಮೇಲೆ ಜಮಖಾನೆ ಹೊಚ್ಚಿದೆವು. ಗಾಳಿ ಅದರೊಳಗೆ ಹೊಕ್ಕು, ಅದರಲ್ಲಿ ನೇಯ್ದ ನವಿಲುಗಳು ಹಾರಲು ಎದ್ದವು. ಬೇರೆ ದಾರಿ ಕಾಣದೆ ಒಂದು ತುದಿಗೆ ಕಾಕಾ, ಇನ್ನೊಂದು ತುದಿಗೆ ನಾನು ಬೋರಲು ಮಲಗಿಬಿಟ್ಟೆವು. ನನ್ನ ಮುಖದ ಪಕ್ಕದಲ್ಲೇ ಮಾಳಿಗೆಯ ಬೆಳಕಿಂಡಿ. ಅದರೊಳಗಿಂದ ಒಂದು ಬೊಗಸೆ ಕಾಯಿ ಜಾರಿ ಸೀದಾ ಕೆಳಗಿನ ಒಲೆಗೆ ಬಿತ್ತು. ಘಾಟು ಎದ್ದಿತು. ಗಾಳಿ ಅದನ್ನೆಲ್ಲ ಎತ್ತಿ ನಮ್ಮ ಮೂಗಿಗೆ ಕೊಟ್ಟಿತು.

"ಯಾರನ್ನ ಕೊಲ್ಲಾಕ ಹತ್ತೀರಿ ಮ್ಯಾಲ ಕುಂತು?" ಚಿಗವ್ವ ಕೆಳಗಿನಿಂದ ಕೆಮ್ಮುತ್ತ ಒದರಿದಳು.

ನಮ್ಮ ಅಂಗಳದಿಂದ ನನ್ನ ಹೆಂಡತಿ ಕೂಗಿದಳು: "ಏನ್ರೀ, ಬಂತಲ್ಲ ಕಡೀಕ ನಿಮ್ಮ ತುಫಾನು! ಕಂಡ್ರೇನ್ರೀ?"

ಕಣ್ಣು ತೆರೆಯಲು ಬಂದಿದ್ದರೆ ಕಾಣುತ್ತಿದ್ದೆ. ಏಳು ಸಲ ಸೀನಿದೆ.

ಓಣಿಯ ಜನ ಕೆಮ್ಮುತ್ತಲೇ ಚೀಲಗಳನ್ನು ಹಿಡಿದು ಬಂದರು. ಹನಿ ಬೀಳುವ ಮೊದಲೇ ಕಾಯಿ ಹೆಚ್ಚುಕಡಿಮೆ ಎಲ್ಲವೂ ಒಳಗೆ ಸೇರಿತು. ಹಾರಿ ಹೋದದ್ದೆಲ್ಲ ನಮ್ಮ ಅಂಗಳಕ್ಕೇ ಬಿದ್ದಿತ್ತು. ಈ ಸಲದ ಪುಟ್ಟಿಯನ್ನು ಗಾಳಿಯೇ ಮುಟ್ಟಿಸಿತ್ತು.

ಮಳೆ ಹಿಡಿದ ಮೇಲೆ ಕಾಕಾ, ನಾನು ಪಡಸಾಲೆಯಲ್ಲಿ ಒದ್ದೆ ವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡು ಕೂತೆವು. ಇಬ್ಬರಿಗೂ ಏನೂ ಕಾಣುತ್ತಿರಲಿಲ್ಲ. ಕಾಕಾ ಮೆಲ್ಲಗೆ ಕೇಳಿದರು:

"ಖರೇ ಹೇಳ್ರಿ ಸಾಹೇಬ್ರ. ಅಲ್ಲಿ ಸಮುದ್ರದ ದಂಡಿ ಮ್ಯಾಗೂ ಗಾಳಿ ಹಿಂಗ ಇತ್ತೇನ್ರಿ?"

ನಾನು ಕಿಟಕಿಯಿಲ್ಲದ ಆ ಕೋಣೆಯನ್ನು ನೆನೆದೆ. ಒಂದು ಸುಳ್ಳು ಹೇಳಿ ಆದದ್ದು ಸಾಕಾಗಿತ್ತು.

"ಇಷ್ಟು ಖಾರ ಇರಲಿಲ್ಲ ಕಾಕಾ," ಎಂದೆ.